ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ

ಹಳೆಯ ಪುಸ್ತಕಗಳ ಮಾತು ಬಂದಾಗಲೆಲ್ಲ ಈಗ ಒಂದು ಸಮಾಧಾನ ಕೇಳಿಬರುತ್ತದೆ: ಎಲ್ಲ ಡಿಜಿಟಲ್ ಆಗಿದೆಯಲ್ಲ, ಇನ್ನೇನು ಚಿಂತೆ? ಯಂತ್ರ ಅಲ್ಲಲ್ಲಿ ಅಕ್ಷರಗಳನ್ನು ತಪ್ಪಾಗಿ ಓದಿರಬಹುದು, ಅದು ಸಣ್ಣ ಕುಂದು. ಓದುವವರಿಗೆ ಅರ್ಥವಾದರೆ ಸಾಕು, ಉಳಿದದ್ದನ್ನು ಮುಂದಿನ ಯಂತ್ರಗಳು ತಿದ್ದಿಕೊಳ್ಳುತ್ತವೆ. ಹೀಗೆ ಹೇಳುವವರಲ್ಲಿ ಪುಸ್ತಕಗಳ ನಡುವೆಯೇ ಬದುಕಿದ ಅಧ್ಯಾಪಕರು, ಗ್ರಂಥಪಾಲಕರು, ಸಂಶೋಧಕರು ಇದ್ದಾರೆ. ಅವರ ವಾದಕ್ಕೆ ಗಟ್ಟಿ ಆಧಾರವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದಾಳಾಗಿ 2000ದ ದಶಕದಲ್ಲಿ ನಡೆದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಲಕ್ಷಗಟ್ಟಲೆ ಪುಸ್ತಕಗಳು ಸ್ಕ್ಯಾನ್ ಆದವು. ಕನ್ನಡದ ಅಪರೂಪದ ಪುಸ್ತಕಗಳೂ ಅವುಗಳಲ್ಲಿದ್ದವು. ಆಮೇಲೆ ಅವು ಇಂಟರ್‌ನೆಟ್ ಆರ್ಕೈವ್‌ಗೂ ಬಂದು ಸೇರಿದವು. ಹಾನಗಲ್ಲಿನದೋ ಹಿರೇಕೆರೂರಿನದೋ ವಿದ್ಯಾರ್ಥಿ ನೂರು ವರ್ಷ ಹಳೆಯ ಪುಸ್ತಕವೊಂದನ್ನು ನೋಡಬೇಕಿದ್ದರೆ ಒಂದು ಕಾಲಕ್ಕೆ ಧಾರವಾಡದ ಬಸ್ಸು ಹತ್ತಬೇಕಿತ್ತು. ಹೋದ ಮೇಲೂ ಗೆದ್ದಲು ಬಿಟ್ಟಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಇಂದು ಅದೇ ಪುಸ್ತಕ ಅವನ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ಇದನ್ನು ಕಡೆಗಣಿಸಿ ಮಾತಾಡುವುದು ಕೃತಘ್ನತೆಯಾದೀತು. ಆದರೆ ಈ ಸಮಾಧಾನದೊಳಗೆ ಬೇರೆ ಬೇರೆ ನಾಲ್ಕಾರು ನಂಬಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ನಿಜವೆಂದು ಉಳಿದವೂ ನಿಜವಾಗುವುದಿಲ್ಲ. ಅವನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲ ಗೊಂದಲ ‘ಡಿಜಿಟಲ್ ಆಗಿದೆ’ ಎಂಬ ಮಾತಿನಲ್ಲಿಯೇ ಇದೆ. ಅದು ಮೂರು ಬೇರೆ ಕೆಲಸಗಳನ್ನು ಒಂದೇ ಹೊದಿಕೆಯಲ್ಲಿ ಮುಚ್ಚುತ್ತದೆ:

1. ಪುಟದ ಚಿತ್ರ ತೆಗೆದಿಡುವುದು.
2. ಆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದ ಓದಿಸಿ ಪಠ್ಯವನ್ನಾಗಿ ಮಾಡುವುದು. ಓಸಿಆರ್ ಎನ್ನುವುದು ಇದನ್ನೇ.
3. ಪುಸ್ತಕದ ಹೆಸರು, ಕರ್ತೃ, ವರ್ಷ ಇವುಗಳ ಚೀಟಿ ಬರೆದು ಅಂಟಿಸುವುದು.

ಓದುವವನ ಕಣ್ಣಿಗೆ ಬೀಳುವುದು ಮೊದಲನೆಯದು. ಹುಡುಕುವಾಗ ಕೆಲಸಕ್ಕೆ ಬರುವುದು ಎರಡನೆಯದು ಮತ್ತು ಮೂರನೆಯದು ಮಾತ್ರ. ಪಿಡಿಎಫ್ ತೆರೆದವನು ನೋಡುವುದು ಸ್ವಚ್ಛವಾದ ಹಳೆಯ ಅಚ್ಚು. ಅವನು ಹುಡುಕು ಎಂದಾಗ ಯಂತ್ರ ತಡಕಾಡುವುದು ಆ ಚಿತ್ರದ ಅಡಿಯಲ್ಲಿ ಕಣ್ಣಿಗೆ ಕಾಣದಂತೆ ಹಾಸಿರುವ ಇನ್ನೊಂದು ಪದರದಲ್ಲಿ. ಮೇಲಿನದು ಸರಿಯಿದ್ದು ಕೆಳಗಿನದು ತಪ್ಪಿದ್ದರೆ ಓದುಗನಿಗೆ ಅದು ತಿಳಿಯುವ ದಾರಿಯೇ ಇಲ್ಲ. ತಪ್ಪು ಸಣ್ಣದೆಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಬೇರೂರಿರುವುದು ಇದರಿಂದಲೇ ಎಂದು ನನ್ನ ಎಣಿಕೆ. ಪುಸ್ತಕವನ್ನು ಪುಟದಿಂದ ಪುಟಕ್ಕೆ ಓದುವವರು ಆ ತಪ್ಪನ್ನು ಭೇಟಿಯಾಗುವುದೇ ಇಲ್ಲ. ಹುಡುಕುವವರು ಭೇಟಿಯಾಗುತ್ತಾರೆ, ಆದರೆ ಅವರಿಗೆ ಅದು ತಪ್ಪಾಗಿ ಕಾಣದೆ ‘ಫಲಿತಾಂಶವಿಲ್ಲ’ ಎಂಬ ಉತ್ತರವಾಗಿ ಕಾಣುತ್ತದೆ.

ಎರಡನೆಯ ಗೊಂದಲ ಲೆಕ್ಕದ್ದು. ನೂರಕ್ಕೆ ತೊಂಬತ್ತೈದು ಅಕ್ಷರ ಸರಿಯಿದ್ದರೆ ಪಠ್ಯವೂ ನೂರಕ್ಕೆ ತೊಂಬತ್ತೈದು ಸರಿ ಎಂದು ಜನ ತಿಳಿಯುತ್ತಾರೆ. ಹುಡುಕುವಾಗ ನಾವು ಕೇಳುವುದು ಅಕ್ಷರವನ್ನಲ್ಲ, ಪದವನ್ನು. ಪದದೊಳಗಿನ ಎಲ್ಲ ಚಿಹ್ನೆಗಳೂ ಸರಿಯಿದ್ದರೆ ಮಾತ್ರ ಅದು ಸಿಗುತ್ತದೆ. ‘ಹಾನಗಲ್’ ಎಂಬ ಪದದಲ್ಲಿ ಕಂಪ್ಯೂಟರಿನ ಎಣಿಕೆಯಂತೆ ಆರು ಚಿಹ್ನೆಗಳಿವೆ: ಹ, ದೀರ್ಘ, ನ, ಗ, ಲ, ಕೊನೆಯ ಅರ್ಧಾಕ್ಷರದ ಗುರುತು. ಪ್ರತಿಯೊಂದೂ ನೂರಕ್ಕೆ ತೊಂಬತ್ತೈದರಷ್ಟು ಖಚಿತವಾದರೆ ಆರೂ ಸರಿಯಾಗಿರುವ ಸಾಧ್ಯತೆ ನೂರಕ್ಕೆ 73ರ ಆಸುಪಾಸು. ಕನ್ನಡದ ಪದ ಅಲ್ಲಿಗೆ ನಿಲ್ಲುವುದಿಲ್ಲ, ಪ್ರತ್ಯಯಗಳನ್ನು ಕಟ್ಟಿಕೊಂಡು ಬೆಳೆಯುತ್ತದೆ. ‘ಹಾನಗಲ್ಲಿನಲ್ಲಿ’ ಎಂದಾಗ ಚಿಹ್ನೆಗಳು ಹದಿಮೂರು. ಇಡೀ ಪದ ಸರಿಯಾಗಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಷರದ ಖಚಿತತೆಯನ್ನು ನೂರಕ್ಕೆ ತೊಂಬತ್ತೊಂಬತ್ತಕ್ಕೆ ಏರಿಸಿದರೂ ಈ ಪದ ಸರಿಸುಮಾರು ಎಂಟರಲ್ಲಿ ಒಂದು ಸಲ ಕೈತಪ್ಪುತ್ತದೆ. ತಪ್ಪುಗಳು ಪುಸ್ತಕದ ತುಂಬ ಸಮನಾಗಿ ಹರಡಿವೆ ಎಂದು ಹಿಡಿದು ಮಾಡಿದ ಲೆಕ್ಕ ಇದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸರಿ. ಆದರೆ ನಿಜಸ್ಥಿತಿ ಇದಕ್ಕಿಂತ ಹದಗೆಟ್ಟದ್ದು. ‘ಮತ್ತು’, ‘ಆದರೆ’, ‘ಎಂದು’ ಇಂಥ ದಿನಬಳಕೆಯ ಪದಗಳನ್ನು ಯಂತ್ರ ಚೆನ್ನಾಗಿ ಓದುತ್ತದೆ, ಏಕೆಂದರೆ ಅವನ್ನು ಅದು ಲಕ್ಷ ಸಲ ಕಂಡಿದೆ. ತಪ್ಪುಗಳು ಹೋಗಿ ಗುಂಪುಗೂಡುವುದು ಅದು ಕಾಣದ ಪದಗಳ ಮೇಲೆ: ಊರ ಹೆಸರು, ಮನೆತನದ ಹೆಸರು, ಹಳಗನ್ನಡದ ರೂಪ, ಒಂದು ಸೀಮೆಯ ಆಡುಮಾತು. ‘ಮತ್ತು’ ಎಂಬುದನ್ನು ಯಾರೂ ಹುಡುಕುವುದಿಲ್ಲ. ಹುಡುಕುವುದು ಈ ಎರಡನೆಯ ಬಗೆಯ ಪದಗಳನ್ನೇ.

ನಮ್ಮ ಲಿಪಿಯಲ್ಲಿ ಅರ್ಥ ನಿಂತಿರುವುದು ಬಹಳ ಸಣ್ಣ ಗೆರೆಗಳ ಮೇಲೆ. ‘ದ’ಕಾರದ ಹೊಟ್ಟೆ ಸೀಳಿದರೆ ‘ಧ’; ದನ ಧನವಾಗುತ್ತದೆ. ‘ರ’ದ ಒಳಗೊಂದು ಚುಕ್ಕೆ ಬಿದ್ದರೆ ‘ಠ’. ‘ಪ’ದ ಒಳಗೊಂದು ಗೆರೆ ಬಂದರೆ ‘ಷ’. ಮಸುಕಾದ ಅಚ್ಚಿನಲ್ಲಿ ‘ಸ’ ಮತ್ತು ‘ನ’, ‘ಮ’ ಮತ್ತು ‘ವು’ ಅವಳಿಗಳಂತೆ ಕಾಣುತ್ತವೆ. ಸವಣೂರು ‘ನವಣೂರು’ ಆಗಲು ಮಸಿ ಒಂದಿಷ್ಟು ಹರಡಿದರೆ ಸಾಕು. ಸೊನ್ನೆಯ ಆಕಾರವೂ ಅಂಕಿಯ ‘೦’ ಆಕಾರವೂ ಒಂದೇ. ಅರ್ಕಾವೊತ್ತಂತೂ ಅಂಕಿಯ ‘೯’ರ ಪ್ರತಿರೂಪ. ಮನುಷ್ಯ ಇದನ್ನೆಲ್ಲ ಅರಿವಿಲ್ಲದೆ ಸರಿಮಾಡಿಕೊಂಡು ಓದುತ್ತಾನೆ. ಯಂತ್ರಕ್ಕೆ ಪ್ರತಿಯೊಂದೂ ಒಂದು ತೀರ್ಮಾನ. ಈಗ ಇದನ್ನು ಹಿರೇಕೆರೂರು ಸೀಮೆಯ ಕವಿಗೆ ಅನ್ವಯಿಸಿ ನೋಡೋಣ. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಸರ್ವಜ್ಞನ ವಚನಗಳಿಂದ ಮೊದಲುಗೊಂಡು ಇಂದಿನ ಸಂಕಲನಗಳವರೆಗೆ, ಒಂದು ತ್ರಿಪದಿ ಸರ್ವಜ್ಞನದೆಂದು ಗುರುತಿಸಲು ಇರುವ ಹೊರಗುರುತು ಅವನ ಅಂಕಿತ. ಆ ಅಂಕಿತದಲ್ಲಿ ಒಂದು ಅರ್ಕಾವೊತ್ತು, ಒಂದು ‘ಜ್ಞ’ ಎಂಬ ಒತ್ತಕ್ಷರ: ಯಂತ್ರ ಎಡವುವ ಎರಡು ಕಲ್ಲುಗಳು ಒಂದೇ ಪದದಲ್ಲಿ. ಅರ್ಕಾವೊತ್ತು ಒಂಬತ್ತಾದರೆ ‘ಸವ೯ಜ್ಞ’. ಕಣ್ಣಿಗೆ ಹೆಚ್ಚುಕಡಿಮೆ ಅದೇ, ಯಂತ್ರಕ್ಕೆ ಬೇರೆಯೇ ಪದ. ಕವಿ ತನ್ನ ಹೆಸರಿನಿಂದಲೇ ಸಿಗದಂತಾಗುತ್ತಾನೆ. ಅವನ ಊರಿನ ವಿಷಯ ಇನ್ನೂ ಸೂಕ್ಷ್ಮ. ಅಬಲೂರು ಎಂದು ಇಂದು ನಾವು ಕರೆಯುವ ಹಳ್ಳಿ ಸರ್ವಜ್ಞನ ಸಂಪ್ರದಾಯದಲ್ಲಿ ಅಂಬಲೂರು, ಶಾಸನಗಳಲ್ಲಿ ಅಬ್ಬಲೂರು, ಏಕಾಂತದ ರಾಮಯ್ಯನ ವೃತ್ತಾಂತವಿರುವ ಅಲ್ಲಿಯ ಶಾಸನಗಳನ್ನು ಜೆ. ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸುವಾಗ ಕೊಟ್ಟ ಹೆಸರು ಅಬ್ಲೂರ್. ನಾಲ್ಕು ರೂಪಗಳ ನಡುವಿನ ಅಂತರ ಒಂದು ಸೊನ್ನೆ, ಒಂದು ಒತ್ತು, ಒಂದು ಸ್ವರ. ಸರ್ವಜ್ಞ ಅಬಲೂರಿನವನೋ ಮಾಸೂರಿನವನೋ ಎಂದು ಚರ್ಚಿಸುವ ನಾಡಿನಲ್ಲಿ ಒಂದು ಸೊನ್ನೆ ಬರುವುದೂ ಹೋಗುವುದೂ ಸಣ್ಣ ಮಾತಲ್ಲ. ಯಾವ ರೂಪ ಪುಸ್ತಕದ್ದು, ಯಾವುದು ಯಂತ್ರದ್ದು ಎಂದು ಪಠ್ಯ ಮಾತ್ರ ಕೈಯಲ್ಲಿರುವವನು ಹೇಳಲಾರ.

ಇಂಗ್ಲಿಷ್ ಪುಸ್ತಕಗಳಲ್ಲಿ ಈ ತೊಂದರೆಯಿಲ್ಲವೆಂದೂ ತಿಳಿಯಬಾರದು. ಹಾನಗಲ್, ಹಿರೇಕೆರೂರು, ಶಿಗ್ಗಾವಿ, ಸವಣೂರು ಈ ನಾಲ್ಕು ತಾಲ್ಲೂಕುಗಳ ಬಗ್ಗೆ ಬರೆಯುವವರೆಲ್ಲ ಒಂದಲ್ಲ ಒಂದು ದಿನ ತೆರೆಯುವ ಪುಸ್ತಕ 1884ರ ಮುಂಬಯಿ ಪ್ರಾಂತದ ಗ್ಯಾಝೆಟಿಯರ್, ಧಾರವಾಡದ್ದಾದ ಇಪ್ಪತ್ತೆರಡನೆಯ ಸಂಪುಟ. ಅದರಲ್ಲಿ ಊರ ಹೆಸರುಗಳ ದೀರ್ಘವನ್ನು ತೋರಿಸಲು ‘ಎ’ ಅಕ್ಷರದ ನೆತ್ತಿಯ ಮೇಲೊಂದು ಓರೆಗೆರೆ ಇಟ್ಟಿದ್ದಾರೆ. ಯಂತ್ರ ಎಷ್ಟೋ ಕಡೆ ಆ ಗೆರೆಯುಳ್ಳ ‘ಎ’ಯನ್ನು ‘ಡಿ’ ಎಂದು ಓದುತ್ತದೆ. ಆಗ ಹಾನಗಲ್ ಎಚ್, ಡಿ, ಎನ್, ಜಿ, ಎ, ಎಲ್ ಎಂಬ ಉಚ್ಚರಿಸಲಾಗದ ಪದವಾಗುತ್ತದೆ. ಸವಣೂರಿನಲ್ಲಿ, ಬಂಕಾಪುರದಲ್ಲಿ, ಧಾರವಾಡದಲ್ಲಿ ಕೂಡ ‘ಡಿ’ ಬಂದು ಕೂರುತ್ತದೆ. ಉಚ್ಚಾರ ತಪ್ಪದಿರಲಿ ಎಂದು ಅಂದಿನವರು ಕಾಳಜಿಯಿಂದ ಇಟ್ಟ ಗುರುತೇ ಇಂದು ಊರನ್ನು ಮರೆಮಾಡುತ್ತಿದೆ. ಆ ಗೆರೆಯಿಲ್ಲದ ಹಿರೇಕೆರೂರು, ಶಿಗ್ಗಾವಿ ಈ ಕುತ್ತಿನಿಂದ ಪಾರಾದರೂ ಇನ್ನೊಂದಕ್ಕೆ ಸಿಕ್ಕಿಬೀಳುತ್ತವೆ. ಅಂದು ಹಿರೇಕೆರೂರು ತಾಲ್ಲೂಕಿನ ಹೆಸರು ಕೋಡ. ಶಿಗ್ಗಾವಿ ಮುಖ್ಯ ಠಾಣೆಯಾಗಿದ್ದ ತಾಲ್ಲೂಕಿನ ಹೆಸರು ಬಂಕಾಪುರ. ಸವಣೂರು ನವಾಬರ ಪ್ರತ್ಯೇಕ ಸಂಸ್ಥಾನ. ಈ ಹೆಸರುಗಳನ್ನು ತಿಳಿಯದವನು ಇಂದಿನ ತಾಲ್ಲೂಕಿನ ಹೆಸರು ಕೊಟ್ಟು ಹುಡುಕಿ, ‘ಬ್ರಿಟಿಷರು ನಮ್ಮ ತಾಲ್ಲೂಕಿನ ಬಗ್ಗೆ ಹೆಚ್ಚೇನೂ ಬರೆದಿಲ್ಲ’ ಎಂದು ಬರೆಯುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಹುಡುಕಿದ್ದು ನಿಜ, ಸಿಗದಿದ್ದದ್ದೂ ನಿಜ. ಆದರೆ ಅವನು ಎಳೆದ ತೀರ್ಮಾನ ತಪ್ಪು. ಮೊದಲು ಪುಸ್ತಕವನ್ನು ಪುಟ ತಿರುವಿ ನೋಡುತ್ತಿದ್ದವನು ಹೀಗೆ ಎಡವುತ್ತಿರಲಿಲ್ಲ, ಏಕೆಂದರೆ ಹುಡುಕದ ಸಂಗತಿಗಳೂ ಅವನ ಕಣ್ಣಿಗೆ ಬೀಳುತ್ತಿದ್ದವು.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಅಚ್ಚಿನಲ್ಲೂ ತಪ್ಪುಗಳಿದ್ದವಲ್ಲವೆ? ಅದಕ್ಕೂ ಮೊದಲು ಓಲೆಗರಿಯ ಲಿಪಿಕಾರರು ತಪ್ಪು ಮಾಡಲಿಲ್ಲವೆ? ಆ ತಪ್ಪುಗಳನ್ನೆಲ್ಲ ದಾಟಿಕೊಂಡೇ ಪಂಪ, ರನ್ನರು ನಮಗೆ ಸಿಕ್ಕರಲ್ಲವೆ? ಖಂಡಿತ. ಆದರೆ ಅವರು ಸಿಕ್ಕದ್ದು ಹೇಗೆಂದು ನೋಡಬೇಕು. ಲಿಪಿಕಾರನ ತಪ್ಪು ಕಣ್ಣೆದುರಿಗೆ ಇರುತ್ತಿತ್ತು. ಓಲೆಯ ಕೊನೆಯಲ್ಲಿ ತನ್ನ ಹೆಸರು, ಕಾಲ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವ ರೂಢಿ ಅವನಿಗಿತ್ತು. ಅಚ್ಚಿನ ಕಾಲದಲ್ಲಿ ಆ ಜಾಗಕ್ಕೆ ಒಪ್ಪೋಲೆ ಬಂತು. ಇಂಥ ತಪ್ಪುಗಳಿಗೆ ಕಾರಣಗಳೇನು, ಅಕ್ಷರಸಾಮ್ಯದಿಂದ ಯಾವುದು ಯಾವುದಾಗುತ್ತದೆ, ಪ್ರತಿಗಳನ್ನು ಹೋಲಿಸಿ ಮೂಲಕ್ಕೆ ಹೇಗೆ ಹೋಗಬೇಕು ಎಂಬುದನ್ನೆಲ್ಲ ಡಿ. ಎಲ್. ನರಸಿಂಹಾಚಾರ್ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಶಾಸ್ತ್ರವಾಗಿ ಕಟ್ಟಿಕೊಟ್ಟರು. ಅಂದರೆ ಹಳೆಯ ತಪ್ಪುಗಳಿಗೆ ವಿಳಾಸವಿತ್ತು, ಅವುಗಳ ಬೆನ್ನಟ್ಟುವ ವಿದ್ಯೆಯೂ ಇತ್ತು. ಯಂತ್ರ ಓದಿದ ಪಠ್ಯದ ಕೊನೆಯಲ್ಲಿ ಇಂಥ ಮುಕ್ತಾಯವಾಕ್ಯ ಸಾಮಾನ್ಯ ಓದುಗನಿಗೆ ಕಾಣುವಂತೆ ಇರುವುದಿಲ್ಲ. ಯಾವ ತಂತ್ರಾಂಶ, ಯಾವ ವರ್ಷ ಓದಿತು, ಮನುಷ್ಯರು ನೋಡಿದ್ದಾರೆಯೇ ಇಲ್ಲವೇ ಎಂಬುದು ಅವನಿಗೆ ತಿಳಿಯುವುದಿಲ್ಲ. ಆ ಪಠ್ಯವನ್ನು ಒಬ್ಬ ನಕಲು ಮಾಡಿ ಇನ್ನೊಂದೆಡೆ ಇಟ್ಟ ಮೇಲೆ ಚಿತ್ರದ ಜೊತೆಗಿನ ನಂಟೂ ಕಡಿದುಹೋಗುತ್ತದೆ. ಆಗ ಯಂತ್ರದ ತಪ್ಪು ಪಾಠಾಂತರದ ವೇಷ ಹಾಕಿಕೊಂಡು ಓಡಾಡತೊಡಗುತ್ತದೆ.

ಇನ್ನೊಂದು ಆಕ್ಷೇಪ ಇಂದಿನದು, ಹೆಚ್ಚು ಆಕರ್ಷಕವಾದದ್ದು: ಕೃತಕ ಬುದ್ಧಿಮತ್ತೆ ಬಂದಿದೆ, ಅದೇ ಎಲ್ಲವನ್ನೂ ತಿದ್ದುತ್ತದೆ. ಇದರಲ್ಲಿ ಒಪ್ಪಬೇಕಾದದ್ದು ಬಹಳ ಇದೆ. ಹತ್ತು ವರ್ಷ ಹಿಂದಿನ ಕನ್ನಡ ಓಸಿಆರ್‌ಗೂ ಇಂದಿನದಕ್ಕೂ ಅಜಗಜಾಂತರ. ಚಿತ್ರ ಉಳಿದಿದ್ದರೆ ಇಂದು ತಪ್ಪಾಗಿ ಓದಿದ್ದನ್ನು ನಾಳೆ ಮತ್ತೆ ಓದಿಸಬಹುದು. ಆದರೆ ಈ ತಿದ್ದುವಿಕೆಯ ಸ್ವಭಾವವನ್ನು ಗಮನಿಸಬೇಕು. ಅಕ್ಷರ ಮಸುಕಾಗಿದ್ದಲ್ಲಿ ಅದು ‘ಇಲ್ಲಿ ಏನಿದೆ’ ಎಂಬುದರ ಜೊತೆಗೆ ‘ಇಲ್ಲಿ ಸಾಮಾನ್ಯವಾಗಿ ಏನಿರುತ್ತದೆ’ ಎಂದೂ ಕೇಳಿಕೊಳ್ಳುತ್ತದೆ, ಎರಡನೆಯ ಪ್ರಶ್ನೆಯ ಉತ್ತರದ ಕಡೆಗೆ ವಾಲುತ್ತದೆ. ಗ್ರಂಥಸಂಪಾದನೆಯ ತಿಳಿವು ಇದಕ್ಕೆ ನೇರ ವಿರುದ್ಧ: ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚು, ಏಕೆಂದರೆ ಕಷ್ಟವಾದದ್ದನ್ನು ಸುಲಭ ಮಾಡುವವರು ಇರುತ್ತಾರೆಯೇ ಹೊರತು ಸುಲಭವಾದದ್ದನ್ನು ಕಷ್ಟ ಮಾಡುವವರು ವಿರಳ. ಶಾಸನಗಳ ‘ಪಾನುಂಗಲ್’ ಮುಂದೆ ‘ಹಾನುಂಗಲ್’ ಆಗಿ ಕೊನೆಗೆ ಹಾನಗಲ್ ಆಯಿತು. ಪಕಾರ ಹಕಾರವಾದ ಈ ಹಾದಿ ಕನ್ನಡದ ಚರಿತ್ರೆಯ ಒಂದು ದೊಡ್ಡ ಘಟನೆ. ಒಂದು ಬರಹದ ಕಾಲವನ್ನು ಊಹಿಸಲು ವಿದ್ವಾಂಸರು ಹಿಡಿಯುವ ಸುಳಿವುಗಳಲ್ಲಿ ಅದೂ ಒಂದು. ಇಂದಿನ ಕನ್ನಡ ಮಾತ್ರ ಬಲ್ಲ ಯಂತ್ರ ‘ಪಾನುಂಗಲ್’ ಅನ್ನು ‘ಹಾನಗಲ್’ ಎಂದು ತಿದ್ದಿದರೆ ಅಲ್ಲಿ ಅಳಿಸಿಹೋಗುವುದು ತಪ್ಪಲ್ಲ, ಸಾಕ್ಷ್ಯ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರ ತತ್ತ್ವಪದಗಳಿಗೂ ಇದೇ ಗತಿ. ‘ಬ್ಯಾಡ’ ಎಂದಿದ್ದಲ್ಲಿ ‘ಬೇಡ’, ‘ಹ್ಯಾಂಗ’ ಎಂದಿದ್ದಲ್ಲಿ ‘ಹೇಗೆ’ ಎಂದು ಶಿಷ್ಟಗೊಳಿಸಿದ ಪಠ್ಯ ನೋಡಲು ನಿರ್ದೋಷವಾಗಿರುತ್ತದೆ, ಆದರೆ ಆ ಸೀಮೆಯ ನಾಲಿಗೆ ಅದರಲ್ಲಿ ಇರುವುದಿಲ್ಲ. ಅರ್ಥವಿಲ್ಲದ ತಪ್ಪಾದರೆ ಒಂದು ದಿನ ಯಾರಾದರೂ ಹಿಡಿಯುತ್ತಾರೆ. ಅರ್ಥವುಳ್ಳ ತಪ್ಪನ್ನು ಹಿಡಿಯುವವರಾರು?

ಹಳಗನ್ನಡದ ಎರಡು ಅಕ್ಷರಗಳ ಪಾಡು ಇನ್ನೂ ಕಠಿಣ. ಇಂದಿನ ಪುಸ್ತಕಗಳಿಂದ ಕಲಿತ ಯಂತ್ರಕ್ಕೆ ‘ಱ’ ಮತ್ತು ‘ೞ’ ಗೊತ್ತಿಲ್ಲದಿದ್ದರೆ ಅದು ಹತ್ತಿರದ ಯಾವುದೋ ಅಕ್ಷರವನ್ನು ಅಲ್ಲಿ ತುಂಬುತ್ತದೆ. ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು, ಇಲ್ಲವೇ ಶತ್ರು. ‘ಅೞಿ’ ಎಂದರೆ ನಾಶವಾಗು. ‘ಅಳಿ’ ಎಂದರೆ ದುಂಬಿ. ಈ ಗೊಂದಲವಾಗದಿರಲೆಂದೇ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಎಣಿಸಿ ಕೊಟ್ಟ. ಅವನ ಎಚ್ಚರ ನಮ್ಮ ಕಾಲಕ್ಕೆ ಬರಲಿಲ್ಲ. ಲೋಕದ ಕಂಪ್ಯೂಟರುಗಳೆಲ್ಲ ಅನುಸರಿಸುವ ಯೂನಿಕೋಡ್ ಪಟ್ಟಿಯಲ್ಲಿ ‘ೞ’ ಅಕ್ಷರಕ್ಕೆ ಇಟ್ಟಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’. ಅದು ತಪ್ಪೆಂದು ಆ ಪಟ್ಟಿಯಲ್ಲೇ ಟಿಪ್ಪಣಿಯಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಹೆಸರು ಹಾಗೆಯೇ ಉಳಿದಿದೆ. ‘ಮುಂದೆ ಸರಿಹೋಗುತ್ತದೆ’ ಎನ್ನುವವರು ಇದನ್ನೊಮ್ಮೆ ಯೋಚಿಸಬೇಕು. ತಪ್ಪು ನೆಲೆಯೂರಿದ ಮೇಲೆ ಅದನ್ನು ಕೀಳುವುದು ನೆಡುವಷ್ಟು ಸುಲಭವಲ್ಲ. ವಿಜ್ಞಾನಲೋಕದಲ್ಲೂ ಇದಕ್ಕೆ ನಿದರ್ಶನ ಸಿಕ್ಕಿದೆ. ‘ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೊಸ್ಕೋಪಿ’ ಎಂಬ, ಯಾವ ಅರ್ಥವೂ ಇಲ್ಲದ ಪದಗುಚ್ಛವೊಂದು ಹಲವು ಸಂಶೋಧನ ಪ್ರಬಂಧಗಳಲ್ಲಿ ಕಾಣಿಸಿಕೊಂಡಿತು. ಅದರ ಒಂದು ಬೇರು 1950ರ ದಶಕದ ಪತ್ರಿಕೆಯೊಂದನ್ನು ಸ್ಕ್ಯಾನ್ ಮಾಡುವಾಗ ಅಕ್ಕಪಕ್ಕದ ಎರಡು ಅಂಕಣಗಳ ಪದಗಳು ಬೆಸೆದುಕೊಂಡದ್ದರಲ್ಲಿದೆಯೆಂದು ಪತ್ತೆಯಾಯಿತು. ಅಷ್ಟರಲ್ಲಿ ಭಾಷಾ ಮಾದರಿಗಳೂ ಅದನ್ನು ಕಲಿತುಬಿಟ್ಟಿದ್ದವು. ತಿದ್ದಬೇಕಾದ ಯಂತ್ರವೇ ತಪ್ಪನ್ನು ಓದಿ ಬೆಳೆದರೆ ಅದು ಯಾವುದಕ್ಕೆ ಹೋಲಿಸಿ ತಿದ್ದಬೇಕು? ಇಂಗ್ಲಿಷಿನಲ್ಲಿ ಸರಿಯಾದ ಪಠ್ಯದ ಸಮುದ್ರವಿದೆ, ಇಂಥದ್ದೊಂದು ಎದ್ದು ಕಂಡಿತು. ಕನ್ನಡದ ಕೆರೆ ಚಿಕ್ಕದು. ಅದಕ್ಕೆ ಬಿದ್ದದ್ದು ಬೇಗ ಹರಡುತ್ತದೆ.

ಕೊನೆಯ ಆಸರೆಯಾಗಿ ‘ಚಿತ್ರವಾದರೂ ಇದೆಯಲ್ಲ’ ಎನ್ನುತ್ತಾರೆ. ಇದೆ, ಮತ್ತು ಅದೇ ನಮ್ಮ ದೊಡ್ಡ ಆಸ್ತಿ. ಆದರೆ ಚಿತ್ರಗಳೆಲ್ಲ ಸಮಾನವಲ್ಲ. ಕಪ್ಪು ಇಲ್ಲವೇ ಬಿಳುಪು ಎಂದು ಎರಡೇ ಬಣ್ಣದಲ್ಲಿ ತೆಗೆದ ಸ್ಕ್ಯಾನಿನಲ್ಲಿ ಮಸುಕು ಗೆರೆ ಬಿಳುಪಿನ ಕಡೆಗೆ ಬಿದ್ದರೆ ಅಲ್ಲಿಗೆ ಮುಗಿಯಿತು: ಸೀಳು ಹೋಯಿತು, ಚುಕ್ಕೆ ಹೋಯಿತು, ಸೊನ್ನೆ ಹೋಯಿತು. ಮುಂದೆ ಎಂಥ ಯಂತ್ರ ಬಂದರೂ ಇಲ್ಲದ್ದನ್ನು ಓದಲಾರದು. ಚಿತ್ರವನ್ನು ಕುಗ್ಗಿಸುವ ವಿಧಾನಗಳೂ ನಿರುಪದ್ರವಿಗಳಲ್ಲ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನರುಗಳು ಕಾಗದದಲ್ಲಿ ಆರು ಇದ್ದಲ್ಲಿ ಚಿತ್ರದಲ್ಲಿ ಎಂಟು ಮೂಡಿಸುತ್ತಿದ್ದುದನ್ನು ತೋರಿಸಿಕೊಟ್ಟ. ಒಂದೇ ತೆರನಾಗಿ ಕಂಡ ಅಂಕಿಗಳನ್ನು ಒಂದೇ ಎಂದು ಹಿಡಿದು ಜಾಗ ಉಳಿಸುವ ವಿಧಾನ ಅದಕ್ಕೆ ಕಾರಣವಾಗಿತ್ತು. ಆದ್ದರಿಂದ ಮೂಲಪ್ರತಿಯನ್ನು ‘ಸ್ಕ್ಯಾನ್ ಆಗಿದೆ’ ಎಂದು ಹೇಳಿ ವಿಲೇವಾರಿ ಮಾಡುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ.

ಹಾಗಾದರೆ ಐನೂರು ಪುಸ್ತಕಗಳನ್ನು ತಪ್ಪಿಲ್ಲದೆ ಮಾಡುತ್ತ ಕೂತು ಐದು ಲಕ್ಷವನ್ನು ಗೆದ್ದಲಿಗೆ ಬಿಡಬೇಕೆ? ಬೇಡ. ಸ್ಕ್ಯಾನಿನ ವೇಗವನ್ನು ತಗ್ಗಿಸಿ ಎಂದು ನಾನು ಕೇಳುತ್ತಿಲ್ಲ. ಒಣಗಿ ಪುಡಿಯಾಗುತ್ತಿರುವ ಕಾಗದ ಯಾರಿಗೂ ಕಾಯುವುದಿಲ್ಲ. ಕೇಳುತ್ತಿರುವುದು ಇಷ್ಟೆ: ಚಿತ್ರ ತೆಗೆದದ್ದನ್ನು ಚಿತ್ರ ತೆಗೆದದ್ದು ಎಂದೇ ಕರೆಯಿರಿ. ಯಂತ್ರ ಓದಿದ ಪಠ್ಯದ ಮೇಲೆ ‘ಮನುಷ್ಯರು ನೋಡಿಲ್ಲ’ ಎಂಬ ಒಂದು ಸಾಲು ಬರೆಯಿರಿ. ತಿದ್ದುವಾಗ ಇಡೀ ಪುಸ್ತಕ ಆಗದಿದ್ದರೆ ಹೆಸರು ಮತ್ತು ವರ್ಷಗಳನ್ನಾದರೂ ಮೊದಲು ತಿದ್ದಿ. ಊರಿನ ಹಳೆಯ ಹೊಸ ರೂಪಗಳನ್ನು ಒಂದಕ್ಕೊಂದು ಜೋಡಿಸುವ ಪಟ್ಟಿ ಮಾಡಿ. ಹಂಸಭಾವಿಯನ್ನು ಹಂಸಬಾವಿ ಎಂದು ಹುಡುಕಿದವನಿಗೂ ಅದು ಸಿಗಬೇಕು. ಇದಕ್ಕೆ ಬೇಕಾದ ಜ್ಞಾನ ದೂರದ ಯಾವ ಕಚೇರಿಯಲ್ಲೂ ಇಲ್ಲ. ಅಕ್ಕಿಆಲೂರು, ತಿಳವಳ್ಳಿ, ಹುಲಗೂರು, ದುಂಡಶಿ, ಕಾರಡಗಿ, ಚಿಕ್ಕೇರೂರು ಎಂಬ ಹೆಸರುಗಳು ತಪ್ಪಾಗಿ ಬಂದಾಗ ಒಂದೇ ನೋಟಕ್ಕೆ ಗುರುತಿಸಬಲ್ಲವರು ಆ ಊರುಗಳ ಜನ. ನಾಲ್ಕು ತಾಲ್ಲೂಕುಗಳಲ್ಲೂ ಪದವಿ ಕಾಲೇಜುಗಳಿವೆ. ಶಿಗ್ಗಾವಿಯ ಮಗ್ಗುಲಲ್ಲಿ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವಿದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರವೂ ಯಂತ್ರದ ಪಠ್ಯವೂ ಅಕ್ಕಪಕ್ಕ ತೆರೆದುಕೊಳ್ಳುತ್ತವೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆ ಮಾತ್ರ ಆ ಪುಟಕ್ಕೆ ಹಸಿರು ಗುರುತು ಬೀಳುತ್ತದೆ. ನಿಮ್ಮ ಊರಿನ ಹೆಸರಿರುವ ಒಂದು ಪುಟವನ್ನು ಅಲ್ಲಿ ತೆರೆಯಿರಿ. ಚಿತ್ರದಲ್ಲಿ ಸೊನ್ನೆಯಿದ್ದರೆ ಪಠ್ಯದಲ್ಲೂ ಸೊನ್ನೆಯಿರಲಿ. ‘ಬ್ಯಾಡ’ ಎಂದಿದ್ದರೆ ‘ಬ್ಯಾಡ’ ಎಂದೇ ಇರಲಿ.